ಎಚ್ಚರಿಸುವ ಕಲೆ
ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಿಂದ ಶ್ರೀರಂಗಪಟ್ಟಣದತ್ತ ಸಾಗುವ ಕಾರು ಪ್ರತಿ ಸೆಕೆಂಡಿಗೆ ಸುಮಾರು 28 ಮೀಟರ್ ಕ್ರಮಿಸುವುದರಿಂದ, ಚಾಲಕನ ದೃಷ್ಟಿ ರಸ್ತೆಯಿಂದ ಸರಿದ ಪ್ರತಿಯೊಂದು ಕ್ಷಣವೂ ದುಬಾರಿಯೇ. ಚಾಲಕ ಸಹಾಯಕ ವ್ಯವಸ್ಥೆ, ಅಂದರೆ ಕ್ಯಾಮೆರಾ ಮತ್ತು ರಾಡಾರ್‌ಗಳಿಂದ ಸುತ್ತಲಿನ ಅಪಾಯವನ್ನು ಗ್ರಹಿಸುವ ಸಾಧನಸಮೂಹ, ಆ ಅಪಾಯವನ್ನು ಚಾಲಕನಿಗೆ ತಿಳಿಸುವ ಬಗೆಯಲ್ಲಿ ಅಪಾರ ಕೌಶಲ ಅಡಗಿದೆ.

ಕಾರು ಪಥದ ಬಿಳಿಗೆರೆಯತ್ತ ವಾಲಿದಾಗ ಕೆಲವು ವಾಹನಗಳಲ್ಲಿ ಸ್ಟಿಯರಿಂಗ್ ಚಕ್ರ ಮೆಲ್ಲಗೆ ಕಂಪಿಸುತ್ತದೆ. ಕಣ್ಣು ರಸ್ತೆಯಲ್ಲೇ ಇರುತ್ತದೆ, ಸುದ್ದಿ ಅಂಗೈಗೆ ತಲುಪುತ್ತದೆ. ಇಂಡಿಕೇಟರ್ ಹಾಕಿ ಪಥ ಬದಲಿಸುವವನನ್ನು ಮಾತ್ರ ಅದು ಕೆಣಕುವುದಿಲ್ಲ, ಏಕೆಂದರೆ ಅವನ ಇಂಗಿತ ಅದಕ್ಕೆ ಮೊದಲೇ ತಿಳಿದಿರುತ್ತದೆ. ಎಂಥ ಸೂಕ್ಷ್ಮಜ್ಞತೆ!

ನಾಗಮಂಗಲದಿಂದ ಪಾಂಡವಪುರಕ್ಕೆ ಬರುವ ರಸ್ತೆಯಲ್ಲಾಗಲಿ ಕೆ.ಆರ್. ಪೇಟೆಯ ಹಳ್ಳಿದಾರಿಗಳಲ್ಲಾಗಲಿ, ಕಬ್ಬು ಹೇರಿದ ಎತ್ತಿನ ಗಾಡಿ ಹಿಂಬದಿ ದೀಪವಿಲ್ಲದೆ ಇರುಳಲ್ಲಿ ಎದುರಾಗಬಹುದಾದ ಕಡೆ, ಈ ವಿನ್ಯಾಸದ ಇನ್ನೊಂದು ಗುಣ ಮನಸೆಳೆಯುತ್ತದೆ. ಇಂಥ ದಾರಿಗಳಲ್ಲಿ ಪಥದ ಗೆರೆ ಅಳಿಸಿಹೋದಾಗ ಕೆಲವು ವಾಹನಗಳಲ್ಲಿ ಪರದೆಯ ಮೇಲಿನ ಪಥದ ಚಿಹ್ನೆ ಬಣ್ಣ ಕಳೆದುಕೊಂಡು ಬೂದಾಗುತ್ತದೆ. ತನಗೆ ಕಾಣುತ್ತಿಲ್ಲವೆಂದು ಯಂತ್ರ ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಈ ನಡೆ, ಚಾಲಕ ಅದನ್ನು ಅತಿಯಾಗಿ ನಂಬದಂತೆ ಕಾಯುತ್ತದೆ. ಮುಂದಿನ ವಾಹನ ಹತ್ತಿರವಾದಂತೆ ಎಚ್ಚರಿಕೆ ಮೊದಲು ದೀಪವಾಗಿ, ಬಳಿಕ ಚುರುಕಾದ ನಾದವಾಗಿ ಏರುತ್ತದೆ, ಚಾಲಕ ಸ್ಪಂದಿಸದಿದ್ದರಷ್ಟೇ ಬ್ರೇಕು ತಾನಾಗಿ ಹಿಡಿಯುತ್ತದೆ. ಸಣ್ಣದಕ್ಕೆಲ್ಲ ಕೂಗುವ ಸಾಧನವನ್ನು ಜನ ಆರಿಸಿಬಿಡುತ್ತಾರೆಂಬ ಅರಿವಿನಿಂದಲೇ ವಿನ್ಯಾಸಕಾರರು ಆ ನಾದದ ಸ್ಥಾಯಿಯನ್ನೂ ಮಿಡಿತದ ಅಂತರವನ್ನೂ ಮತ್ತೆ ಮತ್ತೆ ತಿದ್ದುತ್ತಾರೆ.