ಮುಷ್ಟಿಗಿಂತ ಮೊದಲು ಪಾದ

ಕರಾಟೆ ಎಂದರೆ ಹೆಂಚು ಒಡೆಯುವ ವಿದ್ಯೆ ಎಂದುಕೊಂಡವರೇ ಹೆಚ್ಚು. ರುಚಿ ಹತ್ತಿದವರು ಮಾತ್ರ ಕೈಗಿಂತ ಮೊದಲು ಕಾಲು ನೋಡುತ್ತಾರೆ. ಹಿಮ್ಮಡಿ ನೆಲ ಬಿಟ್ಟಿತೇ, ಹೆಜ್ಜೆ ಇಡುವಾಗ ಸೊಂಟ ಮೇಲೆದ್ದಿತೇ? ಕಲಿಕೆಯ ಆಳ ಅಲ್ಲೇ ಗೊತ್ತಾಗಿಬಿಡುತ್ತದೆ.

ನಮ್ಮ ಕಡೆ ಕರಾಟೆ ತರಗತಿಗಳಲ್ಲಿ ಬೋಧಿಧರ್ಮನ ಕಥೆ ತಪ್ಪದೆ ಬರುತ್ತದೆ: ಕಂಚಿಯಿಂದ ಹೋದ ಭಿಕ್ಷು ಚೀನಾದ ಶಾವೊಲಿನ್ ಮಠದವರಿಗೆ ಕಾಳಗ ಕಲಿಸಿದನಂತೆ. ಹೆಮ್ಮೆಪಡಲು ಚೆನ್ನ, ಆಧಾರ ಮಾತ್ರ ತೆಳು. ಈ ಕಥೆ ಆತುಕೊಂಡಿರುವ ‘ಯಿಜಿನ್ ಜಿಂಗ್’ ಗ್ರಂಥ 17ನೇ ಶತಮಾನದ್ದು. ಬೋಧಿಧರ್ಮ ಅದಕ್ಕಿಂತ ಸಾವಿರ ವರ್ಷ ಹಿಂದಿನವನು.

ಕರಾಟೆಯ ತವರು ಒಕಿನಾವಾ. ಇಂದು ಜಪಾನಿಗೆ ಸೇರಿದ ಈ ದ್ವೀಪ ಹಿಂದೆ ರ್ಯೂಕ್ಯೂ ಎಂಬ ಸ್ವತಂತ್ರ ರಾಜ್ಯದ ಭಾಗ. 1372ರಿಂದಲೇ ಅದು ಚೀನಾದ ಮಿಂಗ್ ದೊರೆಗಳಿಗೆ ಕಪ್ಪ ಕಳಿಸುತ್ತಿತ್ತು. ಹಡಗುಗಳು ಹೋಗಿಬರುವ ಈ ನಂಟಿನಲ್ಲೇ ಚೀನೀ ಮುಷ್ಟಿವಿದ್ಯೆಯೂ ಬಂದು ಸ್ಥಳೀಯ ಕೈಕಾಳಗದ ಜತೆ ಬೆರೆಯಿತು. ಶುರಿ, ನಾಹಾ, ತೊಮಾರಿ ಊರುಗಳಲ್ಲಿ ಒಂದೊಂದು ಬಾನಿ ಬೆಳೆಯಿತು. ನಾಹಾದ ಹಿಗಾಓನ್ನಾ ಕಾನ್ರ್ಯೊ ಚೀನಾದ ಫುಝೌಗೇ ಹೋಗಿ ಕಲಿತು ಬಂದವರು. ಅವರ ಶಿಷ್ಯ ಮಿಯಾಗಿ ಚೋಜುನ್ ಗೋಜು-ರ್ಯೂ ಶಾಖೆಯನ್ನು ಕಟ್ಟಿದರು.

ಆ ಶಾಖೆಯ ಬೇರು ‘ಸಾಂಚಿನ್’ ಎಂಬ ಕತಾ, ಅಂದರೆ ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ. ಸಂಗೀತಕ್ಕೆ ಸರಳೆ ವರಸೆ ಹೇಗೋ ಈ ಶಾಖೆಗೆ ಸಾಂಚಿನ್ ಹಾಗೆ. ಪಾದಗಳು ಭುಜದಗಲ, ಬೆರಳುಗಳು ತುಸು ಒಳಮುಖ, ಮಂಡಿ ಸಡಿಲ, ಮೊಣಕೈ ಪಕ್ಕೆಗೆ ಹತ್ತಿರ. ಮುಂದಿಡುವ ಪಾದ ನೆಲಕ್ಕಂಟಿದಂತೆಯೇ ಕಮಾನು ಬರೆದು ಸಾಗಬೇಕು. ಉಸಿರು ಹೊಟ್ಟೆಯ ಬುಡದಿಂದ ಬರಬೇಕು. ಗುರುಗಳು ಹೆಗಲಿಗೆ, ತೊಡೆಗೆ ಅಂಗೈಯಿಂದ ಬಡಿದು ಬಿಗಿ ಪರೀಕ್ಷಿಸುತ್ತಾರೆ. ಚಲನೆಗಳು ಬೆರಳೆಣಿಕೆಯಷ್ಟೇ, ಆದರೂ ಐದು ನಿಮಿಷದಲ್ಲಿ ಬೆವರು ಸುರಿಯುತ್ತದೆ. ಹಿಂದೆ ಇದೊಂದನ್ನೇ ವರ್ಷಗಟ್ಟಲೆ ತಿದ್ದಿಸುತ್ತಿದ್ದರು.

20ನೇ ಶತಮಾನದ ಆರಂಭದಲ್ಲಿ ಶುರಿಯ ಇತೊಸು ಅಂಕೊ ಕರಾಟೆಯನ್ನು ಒಕಿನಾವಾದ ಶಾಲೆಗಳಿಗೆ ತಂದರು. ಮಕ್ಕಳಿಗೆಂದೇ ‘ಪಿನಾನ್’ ಎಂಬ ಐದು ಕತಾಗಳನ್ನು ಹೊಂದಿಸಿಕೊಟ್ಟರು. ಅವರ ಶಿಷ್ಯ ಫುನಾಕೋಶಿ ಗಿಚಿನ್ 1922ರಲ್ಲಿ ಟೋಕಿಯೊದಲ್ಲಿ ಪ್ರದರ್ಶನ ಕೊಟ್ಟ ಮೇಲೆ ಕರಾಟೆ ಜಪಾನಿನ ಮುಖ್ಯ ನಾಡಿನಲ್ಲಿ ಹಬ್ಬಿತು. ಬಿಳಿ ಉಡುಪು, ಕಪ್ಪು ಬೆಲ್ಟು ಬಂದದ್ದು ಆಮೇಲೆ, ಅದೂ ಕಾನೊ ಜಿಗೊರೊ ಅವರ ಜೂಡೊದಿಂದ. ಅಂದರೆ ನಾವಿಂದು ಮುಗಿಬೀಳುವ ಬೆಲ್ಟಿಗೆ ಕರಾಟೆಯಲ್ಲಿ ಸುಮಾರು ನೂರು ವರ್ಷದ ವಯಸ್ಸಷ್ಟೇ. ನಿಲುವು ಅದಕ್ಕಿಂತ ಬಹಳ ಹಳೆಯದು.

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಕತಾ ಚಿನ್ನ ಗೆದ್ದವರು ಒಕಿನಾವಾದವರೇ ಆದ ಕಿಯುನಾ ರ್ಯೊ. ಆ ಪಂದ್ಯವನ್ನು ಮತ್ತೊಮ್ಮೆ ನೋಡುವುದಾದರೆ ಸೊಂಟದ ಕೆಳಗಷ್ಟೇ ನೋಡಿ.

ಮಕ್ಕಳನ್ನು ಕರಾಟೆಗೆ ಸೇರಿಸುವವರಿಗೆ ಒಂದು ಮಾತು. ಕಪ್ಪು ಬೆಲ್ಟಿಗೆ ಎಷ್ಟು ತಿಂಗಳು ಎಂದು ಕೇಳಬೇಡಿ. ಒಂದು ತರಗತಿ ಕೂತು ನೋಡಿ. ನಿಲ್ಲುವುದನ್ನು, ಹೆಜ್ಜೆ ಇಡುವುದನ್ನು ಬೇಸರವಿಲ್ಲದೆ ತಿದ್ದುವ ಮಾಸ್ತರು ಸಿಕ್ಕರೆ ಧೈರ್ಯವಾಗಿ ಫೀಸು ಕಟ್ಟಿ.