ಐನೂರು, ಸಾವಿರ, ಮೈನಸ್ ಹತ್ತು

ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಮಾಲಿನ ಟೆಂಡರ್ ಬರೆಯುವುದು ಈಗ ಕಂಪ್ಯೂಟರಿನಲ್ಲಿ. ಹೆಚ್ಚು ದರ ಬರೆದವನಿಗೆ ಲಾಟು. ಆದರೆ ದರ ಮನಸ್ಸಿಗೆ ಬಾರದಿದ್ದರೆ ರೈತ ‘ಒಲ್ಲೆ’ ಅಂದು ಚೀಲ ಉಳಿಸಿಕೊಳ್ಳಬಹುದು. ಲಿನಕ್ಸಿನ ಪ್ಯಾಕೇಜ್ ಮ್ಯಾನೇಜರ್‌ಗಳೂ ಮೂಲತಃ ಇದೇ ಸವಾಲು ನಡೆಸುತ್ತವೆ. ತಂತ್ರಾಂಶದ ಎರಡು ಉಗ್ರಾಣಗಳಲ್ಲಿ, ಅಂದರೆ ರೆಪಾಸಿಟರಿಗಳಲ್ಲಿ, ಒಂದೇ ಹೆಸರಿನ ಪ್ಯಾಕೇಜ್ ಇದ್ದರೆ, ಆವೃತ್ತಿ ಸಂಖ್ಯೆ ಯಾವುದರದು ದೊಡ್ಡದೋ ಅದು ಗೆಲ್ಲುತ್ತದೆ. ‘ಒಲ್ಲೆ’ ಅನ್ನುವ ಹಕ್ಕನ್ನು ಬಳಕೆದಾರನಿಗೆ ಕೊಡುವುದು ರೆಪಾಸಿಟರಿ ಆದ್ಯತೆ. ಆ ಹಕ್ಕನ್ನು ಈ ವ್ಯವಸ್ಥೆಗಳು ಎಷ್ಟು ನೆಟ್ಟಗೆ ಕೊಟ್ಟಿವೆ ಎಂಬುದು ಇಲ್ಲಿನ ಪ್ರಶ್ನೆ.

ದಲಾಲಿ ಅಂಗಡಿಯ ಕಂಪ್ಯೂಟರಿಗೆ ಉಬುಂಟು 22.04 ಹಾಕಿಕೊಂಡವರು ಫೈರ್‌ಫಾಕ್ಸನ್ನು ಕನ್ನಡದಲ್ಲಿ ಬಳಸಬೇಕೆಂದರು ಅಂತ ಇಟ್ಟುಕೊಳ್ಳಿ. ಬ್ರೌಸರ್ ತಯಾರಿಸುವ ಮೊಜಿಲ್ಲಾ 2024ರ ಜನವರಿಯಿಂದ ಅದರ ಸ್ಥಿರ ಆವೃತ್ತಿಯನ್ನು ತನ್ನದೇ ಡೆಬ್ ರೆಪಾಸಿಟರಿಯಲ್ಲಿ ಕೊಡುತ್ತಿದೆ. ಕನ್ನಡ ಭಾಷಾ ಪ್ಯಾಕೂ ಅಲ್ಲೇ ಸಿಗುತ್ತದೆ. ಆ ರೆಪಾಸಿಟರಿಯನ್ನು ಸೇರಿಸಿ ಇನ್‌ಸ್ಟಾಲ್ ಎಂದರೆ ಬರುವುದು ಮಾತ್ರ ಉಬುಂಟುವಿನ ಪ್ಯಾಕೇಜ್. ಅದರೊಳಗೆ ಬ್ರೌಸರೇ ಇಲ್ಲ. ಸ್ನ್ಯಾಪ್ ಎಂಬ ಬೇರೊಂದು ಪ್ಯಾಕೇಜ್ ವ್ಯವಸ್ಥೆಯ ಅಂಗಡಿಯಿಂದ ಫೈರ್‌ಫಾಕ್ಸ್ ತರಿಸುವ ಬರೀ ಒಂದು ಚೀಟಿ ಅದು. ಮೊಜಿಲ್ಲಾದ ಆವೃತ್ತಿ ನೂರು ದಾಟಿದ್ದರೂ ಈ ಚೀಟಿಯ ಮುಂದೆ ಸೋಲುತ್ತದೆ. ಯಾಕೆಂದರೆ ಚೀಟಿಯ ಆವೃತ್ತಿ ಶುರುವಾಗುವುದೇ ‘1:1ಸ್ನ್ಯಾಪ್1’ ಎಂದು. ಕೋಲನ್ ಚಿಹ್ನೆಯ ಎಡಗಡೆಯ ಅಂಕಿಗೆ ಡೆಬಿಯನ್ ಲೋಕದಲ್ಲಿ ‘ಈಪಾಕ್’ ಎನ್ನುತ್ತಾರೆ. ಹೋಲಿಸುವಾಗ ಮೊದಲು ನೋಡುವುದು ಅದನ್ನೇ, ಉಳಿದದ್ದೆಲ್ಲ ಆಮೇಲೆ. ಈಪಾಕ್ ಬರೆಯದಿದ್ದರೆ ಸೊನ್ನೆ ಎಂದು ಲೆಕ್ಕ. ಒಂದರ ಮುಂದೆ ಸೊನ್ನೆ, ಮುಗಿಯಿತು.

ಹಿಂದೆ ಎಲ್ಲೋ ತಪ್ಪಾಗಿ ಕೊಟ್ಟ ಆವೃತ್ತಿ ಸಂಖ್ಯೆಯನ್ನು ಸರಿಪಡಿಸಲೆಂದು ಇದ್ದ ಸಾಧನ ಈ ಈಪಾಕ್. ಹಳೆ ಉಬುಂಟುವಿನಿಂದ ಬಂದವರೂ ಸ್ನ್ಯಾಪಿಗೆ ಹೊರಳಲೆಂದು ಉಬುಂಟುವಿನವರು ಅದನ್ನು ಇಲ್ಲಿ ಬಳಸಿದರು. ತಾಂತ್ರಿಕವಾಗಿ ತಪ್ಪೇನೂ ಇಲ್ಲ. ಆದರೆ ‘ಹೊಸ ಆವೃತ್ತಿಯೇ ಗೆಲ್ಲಲಿ’ ಎನ್ನುವ ನಿಯಮ ನಿಷ್ಪಕ್ಷಪಾತವಾದದ್ದು ಎಂಬ ನಂಬಿಕೆ ಇಲ್ಲಿ ಉಳಿಯುವುದಿಲ್ಲ. ಆ ಸಂಖ್ಯೆ ಬರೆಯುವವನೂ ಸವಾಲಿನಲ್ಲಿ ಕೂತಿರುವವನೇ.

ಹೀಗಾಗಿ ಆದ್ಯತೆ ಬೇಕೇ ಬೇಕು. ಡೆಬಿಯನ್, ಉಬುಂಟುಗಳ ಪ್ಯಾಕೇಜ್ ಮ್ಯಾನೇಜರ್ ಆದ ಆಪ್ಟ್‌ನಲ್ಲಿ ಇದಕ್ಕೆ ಪಿನ್ನಿಂಗ್ ಎನ್ನುತ್ತಾರೆ. ಪ್ರಿಫರೆನ್ಸಸ್ ಎಂಬ ಕಡತದಲ್ಲಿ ಬರೆದಿಟ್ಟರಾಯಿತು. ಸಾಮಾನ್ಯ ರೆಪಾಸಿಟರಿಗೆ 500 ಅಂಕ. ಈಗಾಗಲೇ ಯಂತ್ರದಲ್ಲಿ ಕೂತಿರುವ ಆವೃತ್ತಿಗೆ 100. ‘ಇದೇ ನನ್ನ ಬಿಡುಗಡೆ’ ಎಂದು ಗೊತ್ತುಮಾಡಿದ್ದಕ್ಕೆ 990. ಡೆಬಿಯನ್ನಿನ ಎಕ್ಸ್‌ಪೆರಿಮೆಂಟಲ್‌ಗೆ 1, ಅಂದರೆ ಹೆಸರು ಹಿಡಿದು ಕೇಳದೆ ಅದು ಒಳಗೆ ಬರುವುದಿಲ್ಲ. ಹೆಚ್ಚು ಅಂಕ ಪಡೆದದ್ದು ಮೊದಲು; ಅಂಕ ಸಮವಾದಾಗ ಮಾತ್ರ ಆವೃತ್ತಿಯ ಲೆಕ್ಕ. ಉಬುಂಟುವಿನ ಮೇನ್ ವಿಭಾಗಕ್ಕೆ ಯೂನಿವರ್ಸ್‌ಗಿಂತ ತಾನಾಗಿಯೇ ಹೆಚ್ಚಿನ ಮಾನ ಇದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ, ಎರಡಕ್ಕೂ ಅದೇ 500.

ಇಲ್ಲಿಯವರೆಗೆ ಚೆಂದ. ತೊಡಕು 1000ದಲ್ಲಿದೆ. ಆ ಗಡಿ ಮುಟ್ಟಿದರೆ ಆಪ್ಟ್ ಹೊಸದನ್ನು ತೆಗೆದು ಹಳೆಯದನ್ನು ಹಾಕಲಿಕ್ಕೂ ತಯಾರು. ಯಾವ ಮೂಲ ನನಗೆ ಮೇಲು ಎಂಬುದು ಒಂದು ಪ್ರಶ್ನೆ, ಹಿಂದಿನ ಆವೃತ್ತಿಗೆ ಇಳಿಯಬಹುದೋ ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಅಳತೆಪಟ್ಟಿಯ ಮೇಲೆ ಕೂರಿಸಿದ್ದಾರೆ. 999ಕ್ಕೂ 1000ಕ್ಕೂ ಇರುವ ಅಂತರ ಒಂದಲ್ಲ ಎಂಬುದು ಕೈಪಿಡಿ ಓದಿದವರಿಗಷ್ಟೇ ಗೊತ್ತಾಗುವಂಥದ್ದು. ಸೊನ್ನೆ ಕೊಟ್ಟರೆ ಏನಾಗುತ್ತದೆ ಎಂಬುದು ಖಚಿತವಲ್ಲ ಎಂದು ಅದೇ ಕೈಪಿಡಿ ಹೇಳಿ ಕೈತೊಳೆದುಕೊಳ್ಳುತ್ತದೆ!

ಆದರೂ ಆಪ್ಟ್‌ಗೆ ನನ್ನ ಮತವಿದೆ, ಮೈನಸ್ ಅಂಕಿಯ ಕಾರಣಕ್ಕೆ. ಸೊನ್ನೆಗಿಂತ ಕೆಳಗಿನ ಅಂಕ ಕೊಟ್ಟರೆ ಆ ಪ್ಯಾಕೇಜ್ ಒಳಗೆ ಬರುವುದೇ ಇಲ್ಲ. 2020ರ ಜೂನ್‌ನಲ್ಲಿ ಬಂದ ಲಿನಕ್ಸ್ ಮಿಂಟ್ 20, ಬಳಕೆದಾರನ ಬೆನ್ನಹಿಂದೆ ಸ್ನ್ಯಾಪ್ ನುಸುಳಬಾರದೆಂದು ಸ್ನ್ಯಾಪನ್ನು ನಡೆಸುವ ಸ್ನ್ಯಾಪ್‌ಡಿ ಪ್ಯಾಕೇಜಿಗೆ ಮೈನಸ್ 10 ಕೊಟ್ಟಿತು. ಕಡತದಲ್ಲಿ ಆದೇಶ ಮೂರೇ ಸಾಲು; ಬೇಡವಾದವರು ಕಡತ ಅಳಿಸಿದರಾಯಿತು. ಉಬುಂಟುವಿನ ಈಪಾಕ್ ಮಾಡಿದ್ದೂ ಒಂದು ನಿರ್ಧಾರವೇ, ಆದರೆ ಅದು ಆವೃತ್ತಿ ಸಂಖ್ಯೆಯೊಳಗೆ ಮರೆಯಾಗಿ ಕೂತಿತ್ತು. ಮಿಂಟ್ ತನ್ನ ನಿರ್ಧಾರವನ್ನು ಎಲ್ಲರೂ ಓದುವ ಜಾಗದಲ್ಲಿ ಬರೆದಿಟ್ಟಿತು.

ಬೇರೆಯವರ ವಿಷಯ ಚುಟುಕಾಗಿ ಮುಗಿಸಬಹುದು. ಫೆಡೋರಾದ ಡಿಎನ್‌ಎಫ್, ಓಪನ್‌ಸೂಸೆಯ ಜಿಪ್ಪರ್ ಎರಡರಲ್ಲೂ ಲೆಕ್ಕ ತಲೆಕೆಳಗು: ಅಂಕಿ ಸಣ್ಣದಾದಷ್ಟೂ ಮಾನ ದೊಡ್ಡದು, ಏನೂ ಹೇಳದಿದ್ದರೆ 99. ಡೆಬಿಯನ್‌ನಿಂದ ಅಲ್ಲಿಗೆ ಹೋದವರು ತಿರುವುಮುರುವು ಬರೆದು ಕೂರುತ್ತಾರೆ. ಆರ್ಚ್‌ನ ಪ್ಯಾಕ್‌ಮನ್‌ಗೆ ಅಂಕಿಯ ಗೊಡವೆಯೇ ಇಲ್ಲ, ಕಡತದಲ್ಲಿ ಮೇಲೆ ಬರೆದ ರೆಪಾಸಿಟರಿ ಮೊದಲು. ಸೂಕ್ಷ್ಮವಾದದ್ದೇನಲ್ಲ, ಆದರೆ ಕಣ್ಣಾಡಿಸಿದರೆ ಅರ್ಥವಾಗುತ್ತದೆ. ಡಿಎನ್‌ಎಫ್‌ಗೆ ಮುಂಚಿನ ಯಮ್‌ನಲ್ಲಿ ಆದ್ಯತೆ ಒಂದು ಪ್ಲಗಿನ್ ಮಾತ್ರ. ಯಮ್‌ನ ಮುಖ್ಯ ರೂವಾರಿ ಸೇತ್ ವಿಡಾಲ್ ಅವರಿಗೇ ಅದು ಬೇಡವಾಗಿತ್ತು. ಅವರ ಅಳುಕಿನಲ್ಲಿ ಹುರುಳಿದೆ: ಆದ್ಯತೆ ಕಡಿಮೆಯಿರುವ ರೆಪಾಸಿಟರಿಯ ಹೊಸ ಲೈಬ್ರರಿ ಮರೆಯಾದರೆ, ಅದನ್ನೇ ನೆಚ್ಚಿಕೊಂಡ ಇನ್ನೊಂದು ಪ್ಯಾಕೇಜ್ ಕೂರುವುದಿಲ್ಲ, ಮತ್ತು ಕಾರಣ ಎಲ್ಲಿದೆ ಎಂದು ಬಳಕೆದಾರನಿಗೆ ಹೊಳೆಯುವುದಿಲ್ಲ.

ಹಾಗೆಂದು ಆದ್ಯತೆಯೇ ಇಲ್ಲದಿದ್ದರೆ? 2022ರ ಡಿಸೆಂಬರ್ 25ರಿಂದ 30ರ ನಡುವೆ ಪೈಥಾನ್ ಭಾಷೆಯ ಪೈಟಾರ್ಚ್ ಲೈಬ್ರರಿಯ ನೈಟ್ಲಿ ಆವೃತ್ತಿ ಹಾಕಿಕೊಂಡವರಿಗೆ ಉತ್ತರ ಸಿಕ್ಕಿತು. ಆ ಯೋಜನೆ ತನ್ನ ಸ್ವಂತ ಮೂಲದಲ್ಲಿ ಇಟ್ಟಿದ್ದ ‘ಟಾರ್ಚ್‌ಟ್ರೈಟನ್’ ಎಂಬ ಹೆಸರನ್ನೇ ಯಾರೋ ಪೈಥಾನ್ ಪ್ಯಾಕೇಜುಗಳ ಸಾರ್ವಜನಿಕ ರೆಪಾಸಿಟರಿ ಪೈಪಿಐನಲ್ಲಿ ನೋಂದಾಯಿಸಿ ದುರುದ್ದೇಶದ ಕೋಡ್ ತುಂಬಿದ್ದರು. ಪೈಥಾನಿನ ಪ್ಯಾಕೇಜ್ ಮ್ಯಾನೇಜರ್ ಪಿಪ್‌ನಲ್ಲಿ ‘ಈ ಮೂಲ ಮೊದಲು’ ಎಂದು ಹೇಳುವ ಅನುಕೂಲ ಇರಲಿಲ್ಲ, ಪೈಪಿಐನದೇ ಇಳಿಯಿತು.

ಈಗ ಮೊಜಿಲ್ಲಾದ ಸೂಚನೆಗೆ ಮರಳೋಣ. ತನ್ನ ಫೈರ್‌ಫಾಕ್ಸ್ ಗೆಲ್ಲಲೆಂದು ಅದು ಬರೆಯಹೇಳುವ ಅಂಕ 1000. ಚೀಟಿ ಆಗಲೇ ಕೂತಿರುವ ಯಂತ್ರದಲ್ಲಿ ಮೊಜಿಲ್ಲಾದ್ದು ಲೆಕ್ಕಕ್ಕೆ ‘ಹಳೆಯದು’, ಹೀಗಾಗಿ ಅಷ್ಟೇ ಅಂಕ ಬೇಕು. ನನ್ನ ತಕರಾರು ಆ ಆದೇಶದ ಮೊದಲ ಸಾಲಿನದು. ಪ್ಯಾಕೇಜಿನ ಹೆಸರಿರಬೇಕಾದಲ್ಲಿ ನಕ್ಷತ್ರ ಚಿಹ್ನೆ ಇದೆ, ಅಂದರೆ ಎಲ್ಲ ಪ್ಯಾಕೇಜುಗಳಿಗೂ. ಒಂದು ಬ್ರೌಸರಿಗಾಗಿ ಬಂದ ರೆಪಾಸಿಟರಿಗೆ, ಸಿಸ್ಟಮ್ಮಿನ ಯಾವ ಲೈಬ್ರರಿಯನ್ನಾದರೂ ಬದಲಿಸುವ, ಹಿಂದಕ್ಕೂ ಇಳಿಸುವ ಅಧಿಕಾರ ಇದರಿಂದ ಸಿಗುತ್ತದೆ. ಮೊಜಿಲ್ಲಾ ಅದನ್ನು ದುರುಪಯೋಗ ಮಾಡೀತೆಂದು ನಾನು ಹೇಳುತ್ತಿಲ್ಲ. ಆದರೆ ಇದೇ ಮಾದರಿಯನ್ನು ನಾಳೆ ಇನ್ನೊಬ್ಬರು ನಕಲು ಮಾಡಿದಾಗ ಅವರೂ ಅಷ್ಟೇ ನಂಬಿಗಸ್ತರೆಂದು ಯಾರು ಹೇಳಬೇಕು? ಸಹಿಯ ಕೀಲಿ ಇದೆಯಲ್ಲ ಎನ್ನುವವರಿದ್ದಾರೆ. ಕಡತಕ್ಕೆ ಸಹಿ ಹಾಕಿದವರು ಯಾರೆಂದು ಕೀಲಿ ಹೇಳೀತು, ಅವರು ಏನೇನು ಕೊಡಬಹುದು ಎಂಬುದಕ್ಕೆ ಅದು ಮಿತಿ ಹಾಕುವುದಿಲ್ಲ.

ಮಿತಿ ಹಾಕುವ ಸಾಮರ್ಥ್ಯ ಆಪ್ಟ್‌ಗಿದೆ. ಆ ಮೂಲದ ನಕ್ಷತ್ರಕ್ಕೆ ಮೈನಸ್ 1, ಫೈರ್‌ಫಾಕ್ಸ್ ಎಂದು ಶುರುವಾಗುವ ಹೆಸರುಗಳಿಗೆ ಮಾತ್ರ 1000. ಕನ್ನಡ ಪ್ಯಾಕಿನ ಹೆಸರೂ ಹಾಗೇ ಶುರುವಾಗುವುದರಿಂದ ಅದೂ ಒಳಬರುತ್ತದೆ, ಬೇರೇನೂ ಬರುವುದಿಲ್ಲ. ಆಪ್ಟ್ ಪಾಲಿಸಿ ಆಜ್ಞೆ ಕೊಟ್ಟರೆ ಯಾವುದಕ್ಕೆ ಎಷ್ಟು ಅಂಕ ಎಂಬುದು ಕಣ್ಣೆದುರೇ ಕಾಣುತ್ತದೆ. ಇಷ್ಟಾದರೂ ಆದ್ಯತೆಯ ಕೆಲಸ ಆಯ್ಕೆಯ ಹೊತ್ತಿಗೇ ಮುಗಿದಿರುತ್ತದೆ. ಆಯ್ಕೆಯಾದ ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್ ರೂಟ್ ಅಧಿಕಾರದಲ್ಲೇ ಓಡುತ್ತದೆ, ಅದನ್ನು ತಡೆಯುವ ಅಂಕಿ ಈ ಕಡತದಲ್ಲಿಲ್ಲ.