ಸಾಗವಾನಿಯ ಸಾಕ್ಷ್ಯವನ್ನು ಎಷ್ಟು ನಂಬಬಹುದು?

ಭಟ್ಕಳ ತಾಲ್ಲೂಕಿನ ಮಾವಳ್ಳಿಯ ಸುತ್ತ ಕಣ್ಣಿಗೆ ಹೆಚ್ಚು ಬೀಳುವುದು ತೆಂಗು, ಅಡಿಕೆ. ಎರಡರ ಕಾಂಡದಲ್ಲೂ ವರ್ಷದ ಉಂಗುರ ಮೂಡುವುದಿಲ್ಲ. ಘಟ್ಟದ ಬುಡದ ನಿತ್ಯಹರಿದ್ವರ್ಣ ಕಾಡಿನಲ್ಲೂ ಹೆಚ್ಚಿನ ಮರಗಳ ಉಂಗುರ ಅಸ್ಪಷ್ಟ. ಬೇಸಿಗೆಯಲ್ಲಿ ಎಲೆ ಉದುರಿಸಿ, ಮಳೆ ಬಿದ್ದೊಡನೆ ಮತ್ತೆ ಬೆಳೆಯುವ ಸಾಗವಾನಿಯಂಥ ಕೆಲವು ಮರಗಳು ಮಾತ್ರ ಎಣಿಸಲು ಬರುವ ಗೆರೆ ಬರೆಯುತ್ತವೆ. ಮರದ ಐಸೋಟೋಪುಗಳಿಂದ (ಒಂದೇ ಮೂಲವಸ್ತುವಿನ ಭಾರ–ಹಗುರ ರೂಪಗಳಿಂದ) ಹಿಂದಿನ ಮಳೆಗಾಲವನ್ನು ಓದುವ ವಿದ್ಯೆಯನ್ನು ನಮ್ಮ ಕರಾವಳಿಯಲ್ಲಿ ನಿಂತು ಅಳೆಯುವವರು ಈ ಮಿತಿಯಿಂದಲೇ ಹೊರಡಬೇಕು.

ಆಮ್ಲಜನಕದ ಸುಮಾರು 500 ಪರಮಾಣುಗಳಲ್ಲಿ ಒಂದು ಉಳಿದವಕ್ಕಿಂತ ಭಾರವಾದದ್ದು, ಆಮ್ಲಜನಕ-18. ಮೋಡ ಮಳೆ ಸುರಿಸುವಾಗ ಭಾರದ ನೀರು ಮೊದಲು ಇಳಿಯುತ್ತದೆ, ಉಳಿದ ಆವಿ ಹಗುರಾಗುತ್ತ ಹೋಗುತ್ತದೆ. ಹಾಗಾಗಿ ಉಷ್ಣವಲಯದ ಅನೇಕ ಕಡೆ ಮಳೆ ಹೆಚ್ಚಿದಷ್ಟೂ ಅದರ ನೀರು ಹಗುರ. ಬೇರು ಹೀರಿದ ಆ ನೀರು ಎಲೆಗೆ ಬಂದಾಗ ಲೆಕ್ಕ ತಿರುಗುತ್ತದೆ. ಅಲ್ಲಿ ಹಗುರ ನೀರು ಬೇಗ ಆವಿಯಾಗುವುದರಿಂದ, ಗಾಳಿ ಒಣಗಿದ್ದಷ್ಟೂ ಎಲೆಯಲ್ಲಿ ಉಳಿದ ನೀರು ಭಾರ. ಆ ನೀರಿನಿಂದಾದ ಸಕ್ಕರೆ ಕಾಂಡಕ್ಕಿಳಿದು ಸೆಲ್ಯುಲೋಸ್ ಆಗುವಾಗ ಕಾಂಡದ ನೀರಿನೊಂದಿಗೆ ಮತ್ತೆ ಒಂದಿಷ್ಟು ಆಮ್ಲಜನಕವನ್ನು ಅದಲುಬದಲು ಮಾಡಿಕೊಳ್ಳುತ್ತದೆ. ಕೊನೆಗೆ ಈ ಭಾರ–ಹಗುರಗಳ ಪಾಲನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಕೊಡುವುದು ಒಂದೇ ಅಂಕಿ. ಮಳೆಯ ಪ್ರಮಾಣ, ಆವಿ ಬಂದ ದಿಕ್ಕು, ಗಾಳಿಯ ತೇವ ಎಲ್ಲವೂ ಅದರೊಳಗೆ ಬೆರೆತಿರುತ್ತವೆ. ಬಿಡಿಸಿ ಓದುವ ಕಷ್ಟವೆಲ್ಲ ಇಲ್ಲಿಯೇ ಇದೆ.

ಈ ವಿದ್ಯೆಗೆ ನಮ್ಮ ದೇಶದಲ್ಲಿ ಗಟ್ಟಿ ನೆಲೆ ಕೊಟ್ಟವರು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಸಂಗಡಿಗರು. ಕಾಶ್ಮೀರದ ಬೇರೆ ಬೇರೆ ಮರಗಳ ಐಸೋಟೋಪುಗಳು ಒಂದೇ ಜಾಡಿನಲ್ಲಿ ಏರಿಳಿಯುತ್ತವೆ ಎಂದು 1985ರಲ್ಲಿ ತೋರಿಸಿದ ಅವರು, 1989ರಲ್ಲಿ ಠಾಣೆಯ ಸಾಗವಾನಿಯ ಜಲಜನಕದ ಐಸೋಟೋಪುಗಳನ್ನು ಅಳೆದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಎಂ.ಎಸ್. ಶೇಷಶಾಯಿಯವರೂ ಸೇರಿದ್ದ ತಂಡ 2010ರಲ್ಲಿ ಒಂದೊಂದು ಉಂಗುರವನ್ನೂ ತೆಳು ಪದರಗಳಾಗಿ ಸೀಳಿ, ಮಳೆಗಾಲದ ನಡುವಿನ ಬಿಡುವುಗಳ ಗುರುತನ್ನು ಹಿಡಿಯಬಹುದೆಂದು ಸಾಧಿಸಿತು. ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯುತ್ತಮ ಕೆಲಸ ಇದೇ. ವರ್ಷಕ್ಕೆ ಎಷ್ಟು ಮಿಲಿಮೀಟರ್ ಬಿತ್ತು ಎಂಬುದೊಂದರಿಂದ ಕೃಷಿಕನಿಗೆ ಪ್ರಯೋಜನ ಕಡಿಮೆ. ಆರಿದ್ರಾ ಮಳೆ ಹೊತ್ತಿಗೆ ಹಿಡಿಯಿತೇ, ಆಶ್ಲೇಷದಲ್ಲಿ ಹೊಳವಾಯಿತೇ ಎಂಬುದೇ ಅವನ ಪ್ರಶ್ನೆ. ಬರೀ ಉಂಗುರದ ಅಗಲ ಅಳೆದರೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಆದರೆ ಮಳೆ ಹೆಚ್ಚಿದಷ್ಟೂ ನೀರು ಹಗುರ ಎಂಬ ಸೂತ್ರವನ್ನು ಎಲ್ಲ ಕಡೆಗೂ ಹೊತ್ತೊಯ್ಯುವುದನ್ನು ಒಪ್ಪಲಾಗದು. ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. ಉತ್ತರ ಕನ್ನಡದ ಅಕಳಗವಿ ಗುಹೆಯಲ್ಲಿ ನೀರು ತೊಟ್ಟಿಕ್ಕಿ ಬೆಳೆದ ಸುಣ್ಣದ ಕಂಬದಿಂದ ವಿಜ್ಞಾನಿಗಳಾದ ಯಾದವ, ರಮೇಶ್ ಮತ್ತು ಪಂತ್ 331 ವರ್ಷಗಳ ಮುಂಗಾರಿನ ಕಥೆಯನ್ನು 2004ರಲ್ಲಿ ಬಿಡಿಸಿಟ್ಟರು. ಹೆಚ್ಚು ಮಳೆಯೆಂದರೆ ಹಗುರ ಆಮ್ಲಜನಕ ಎಂಬ ನಂಟೇ ಆ ಓದಿಗೆ ಆಧಾರ. ಮೂರೇ ವರ್ಷಗಳಲ್ಲಿ, 2007ರಲ್ಲಿ, ಯಾದವ ಮತ್ತು ರಮೇಶರು ಪಂಡರಿನಾಥರೊಂದಿಗೆ ಸಹ್ಯಾದ್ರಿಯ ಮಳೆನೀರನ್ನೇ ಅಳೆದಾಗ ನಂಟು ತಿರುವುಮುರುವಾಗಿ ಕಂಡಿತು. ಇಲ್ಲಿ ಮಳೆ ಹೆಚ್ಚಿದಂತೆ ನೀರು ಭಾರವಾಗುತ್ತಿತ್ತು. ಹೀಗಾಗಲು ಕಾರಣ ಊಹಿಸಬಹುದು. ಜೂನ್–ಜುಲೈಯ ಭಾರಿ ಮಳೆಯ ಆವಿ ಪಕ್ಕದ ಅರಬ್ಬೀ ಸಮುದ್ರದ್ದು, ದೂರ ಸಾಗುತ್ತ ಸುರಿದು ಹಗುರಾದದ್ದಲ್ಲ. ಚಿತ್ತೆ–ಸ್ವಾತಿಯ ಹೊತ್ತಿನ ಹಿಂಗಾರು ಪ್ರಮಾಣದಲ್ಲಿ ಕಡಿಮೆ, ಬಂಗಾಳ ಕೊಲ್ಲಿಯ ಕಡೆಯಿಂದ ಬರುವ ಅದರ ನೀರು ಹಗುರ. ತಾವು ನೆಚ್ಚಿದ ನಂಟನ್ನು ತಾವೇ ಪ್ರಶ್ನಿಸುವ ಫಲಿತಾಂಶವನ್ನು ಮುಚ್ಚಿಡದೆ ಅಚ್ಚು ಮಾಡಿದ ಆ ವಿಜ್ಞಾನಿಗಳ ಪ್ರಾಮಾಣಿಕತೆ ದೊಡ್ಡದು. ಅವರ ಎಚ್ಚರಿಕೆಯನ್ನು ಗಮನಿಸದೆ ಹಳೆಯ ಸೂತ್ರವನ್ನು ಹೊನ್ನಾವರದ ಒಂದು ಸಾಗವಾನಿಗೆ ಹಚ್ಚಿದರೆ, ಬರದ ವರ್ಷವನ್ನು ಅತಿವೃಷ್ಟಿಯೆಂದು ಓದುವ ಅಪಾಯವಿದೆ.

ಕರಾವಳಿಗೆ ಒಂದು ಅನುಕೂಲವೂ ಇದೆ. ವರ್ಷಕ್ಕೆ 3,500 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಇಲ್ಲಿ ಮಳೆಗಾಲದ ಗಾಳಿ ಸದಾ ತೊಯ್ದಿರುತ್ತದೆ. ಎಲೆಯಲ್ಲಿ ನೀರು ಆವಿಯಾಗುವುದು ಕುಗ್ಗಿ, ಮಳೆನೀರಿನ ಗುರುತೇ ಮುಂದೆ ಬರುತ್ತದೆ. ಪ್ರಮಾಣಕ್ಕಿಂತ ಆವಿಯ ಮೂಲವನ್ನು, ಮುಂಗಾರು–ಹಿಂಗಾರುಗಳ ಪಾಲನ್ನು ಕೇಳಿದರೆ ಇಲ್ಲಿನ ಮರ ಉತ್ತರ ಕೊಟ್ಟೀತು.

ಇನ್ನೊಂದು ತೊಡಕಿನ ಬಗ್ಗೆ ಪ್ರಯೋಗಾಲಯದವರು ಹೆಚ್ಚು ಯೋಚಿಸಿದಂತಿಲ್ಲ. ಈ ಸೀಮೆಯ ಅಡಿಕೆ ತೋಟಗಳಿಗೆ ಗೊಬ್ಬರದ ಸೊಪ್ಪಿಗೆಂದು ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟಗಳಿವೆ. ಅಲ್ಲಿನ ಮರಗಳ ಸೊಪ್ಪು ಕಡಿದು, ಉದುರಿದ ಎಲೆಯ ದರಕು ಗುಡಿಸಿ ತರುವ ರೂಢಿ ತಲೆಮಾರುಗಳದ್ದು. ಸವರಿದ ಮರದ ಉಂಗುರ ಕಿರಿದಾದರೆ ಅದಕ್ಕೆ ಕತ್ತಿಯೂ ಕಾರಣವಾಗಿರಬಹುದು. ಎಲೆ ಕಳೆದುಕೊಂಡ ವರ್ಷ ಹಳೆಯ ಸಕ್ಕರೆಯ ದಾಸ್ತಾನಿನಿಂದ ಕಟ್ಟಿದ ಕಟ್ಟಿಗೆ ಹಿಂದಿನ ವರ್ಷದ ಗುರುತನ್ನೇ ಹೊರಬಹುದು. ಆದ್ದರಿಂದ ಮರ ಆರಿಸುವ ಮೊದಲು ಬೆಟ್ಟದ ಹಕ್ಕುದಾರರನ್ನು ವಿಚಾರಿಸುವುದು ವಿಜ್ಞಾನದ ಅಗತ್ಯ.

ಈ ವಿದ್ಯೆಗೆ ಇನ್ನೂ ಒಂದು ಮಿತಿಯಿದೆ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳ ತಾಲ್ಲೂಕಿನಲ್ಲಿ ಒಂದೇ ದಿನ 500 ಮಿ.ಮೀ. ಮೀರಿ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಸತ್ತರು. ಅಂಥ ಒಂದು ದಿನವನ್ನು ಮರ ಬೇರೆಯಾಗಿ ಬರೆದಿಡುವುದಿಲ್ಲ, ವಾರಗಳ ನೀರಿನೊಂದಿಗೆ ಬೆರೆಸಿಬಿಡುತ್ತದೆ. ಭೂಕುಸಿತದ ಇತಿಹಾಸವನ್ನು ಐಸೋಟೋಪುಗಳಿಂದ ತೆಗೆಯುತ್ತೇವೆ ಎನ್ನುವವರು ವಿದ್ಯೆಗೆ ಮೀರಿದ ಮಾತಾಡುತ್ತಾರೆ. ಹಾಗೆಂದು ಉಂಗುರವಿಲ್ಲದ ಮರಗಳನ್ನು ಕೈಬಿಡಬೇಕಾಗಿಲ್ಲ. ಕಣ್ಣಿಗೆ ಗೆರೆ ಕಾಣದ ಉಷ್ಣವಲಯದ ಮರದಲ್ಲೂ ಆಮ್ಲಜನಕದ ಏರಿಳಿತದಿಂದಲೇ ವರ್ಷ ಎಣಿಸುವ ದಾರಿಯನ್ನು ಇವಾನ್ಸ್ ಮತ್ತು ಶ್ರಾಗ್ 2004ರಲ್ಲಿ ತೋರಿಸಿದ್ದಾರೆ. ನಮ್ಮ ಘಟ್ಟದ ಕಾಡಿಗೆ ತಕ್ಕದ್ದು ಆ ದಾರಿಯೇ.

ಅದಕ್ಕೆ ಜೀವಂತ ಮರ ಕಡಿಯಬೇಕಿಲ್ಲ. ಗಾಳಿಗೆ ಬಿದ್ದ, ರಸ್ತೆಗೆಂದು ಉರುಳಿಸಿದ ಹಳೆಯ ಮರಗಳು ಅರಣ್ಯ ಇಲಾಖೆಯ ಡಿಪೋ ಸೇರುತ್ತವೆ. ಹರಾಜಿಗೆ ಮುನ್ನ ಪ್ರತಿ ದೊಡ್ಡ ದಿಮ್ಮಿಯಿಂದ ತೊಗಟೆ ಸಮೇತ ಒಂದು ಬಿಲ್ಲೆ ಕೊಯ್ದು, ಬಿದ್ದ ಜಾಗ ಮತ್ತು ವರ್ಷ ಬರೆದು ತೆಗೆದಿಡಲಿ. ಅದರ ಪಕ್ಕದಲ್ಲೇ, ಭಟ್ಕಳದಿಂದ ಕುಮಟಾವರೆಗಿನ ಶಾಲೆ–ಕಾಲೇಜುಗಳು ಮಳೆನೀರನ್ನು ತಿಂಗಳು ತಿಂಗಳೂ ಹಿಡಿದು ಅದರ ಐಸೋಟೋಪುಗಳನ್ನು ಅಳೆಸಲಿ. ಇಲ್ಲಿನ ಮಳೆಯನ್ನು ಇಲ್ಲಿಯೇ ಅಳೆಯುವವರೆಗೆ ಇಲ್ಲಿನ ಮರದ ಯಾವ ಅಂಕಿಯನ್ನೂ ಮಿಲಿಮೀಟರಿಗೆ ಪರಿವರ್ತಿಸಬಾರದು.